ನಡಾವಳಿ ಓದಿ ಅಂಗೀಕರಿಸಲಾಯಿತು

ಪತ್ತೇದಾರಿ ಕಾದಂಬರಿ ಓದುವವರಿದ್ದಾರೆ, ಪಂಚಾಂಗ ಓದುವವರಿದ್ದಾರೆ. ರೈಲ್ವೆ ವೇಳಾಪಟ್ಟಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಎಲ್ಲಿಗೂ ಹೋಗದೆ ಸುಖವಾಗಿದ್ದ ಸೋದರಮಾವ ಒಬ್ಬರು ನಮ್ಮ ಮನೆತನದಲ್ಲೇ ಇದ್ದರು. ನನ್ನ ಚಟ ಇವೆಲ್ಲಕ್ಕಿಂತ ನಿರುಪದ್ರವಿ. ನಾನು ಸಭೆಗಳ ನಡಾವಳಿ ಓದುತ್ತೇನೆ. ಅದೂ ನಾನು ಹೋಗದ ಸಭೆಗಳದ್ದು. ಹೋದ ಸಭೆಗಳದ್ದರಲ್ಲಿ ಓದುವುದಕ್ಕೇನಿದೆ, ಬರೆದವನೇ ನಾನು! ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕ್ಸ್ ಪಾಠ ಹೇಳಿಕೊಂಡಿದ್ದ ಅಷ್ಟೂ ಕಾಲ, ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ವಿಭಾಗದ ನಡಾವಳಿ ಪುಸ್ತಕ ನನ್ನ ಕೊರಳಿಗೆ ಬಿದ್ದಿತ್ತು. ಎರಡು ಗಂಟೆ ಮೇಜು ಗುದ್ದಿ ನಡೆದ ಜಗಳವನ್ನು ‘ವಿಷಯವನ್ನು ಕೂಲಂಕಷವಾಗಿ ಚರ್ಚಿಸಲಾಯಿತು’ ಎಂದು ಒಂದೇ ಸಾಲಿಗೆ ಇಳಿಸುವ ವಿದ್ಯೆ ನನಗೆ ಕರಗತವಾದದ್ದು ಅಲ್ಲಿ. ಹಾಗಾಗಿ ಬೇರೆಯವರು ಬರೆದ ನಡಾವಳಿಯಲ್ಲಿ ಅಂಥದೊಂದು ಸಾಲು ಕಂಡರೆ ಸಾಕು, ಎಲ್ಲೋ ಮೇಜು ಗುದ್ದಿದ್ದು ನನಗೆ ಕೇಳಿಸಿಬಿಡುತ್ತದೆ.

ಹೀಗೆ ಓದಿದವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಐಯುಟ್ಯಾಮ್‌ನದು. ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ಯೂನಿಯನ್ ಆಫ್ ಥಿಯೊರೆಟಿಕಲ್ ಅಂಡ್ ಅಪ್ಲೈಡ್ ಮೆಕ್ಯಾನಿಕ್ಸ್. ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರುತ್ತದೆ. ಸೇತುವೆ ಯಾಕೆ ನಿಂತಿದೆ, ವಿಮಾನ ಯಾಕೆ ಹಾರುತ್ತದೆ, ಗಾಜು ಯಾಕೆ ಒಡೆಯುತ್ತದೆ, ನಲ್ಲಿಯನ್ನು ಸ್ವಲ್ಪ ತಿರುಗಿಸಿದಾಗ ಗಾಜಿನ ಕಡ್ಡಿಯಂತೆ ಇಳಿಯುವ ನೀರು ಇನ್ನೂ ತಿರುಗಿಸಿದಾಗ ಯಾಕೆ ಚೆಲ್ಲಾಪಿಲ್ಲಿಯಾಗುತ್ತದೆ ಎಂದು ತಲೆಕೆಡಿಸಿಕೊಂಡ ಜಗತ್ತಿನ ಮಂದಿಯೆಲ್ಲ ಸೇರಿ 1946ರಲ್ಲಿ ಪ್ಯಾರಿಸ್‌ನಲ್ಲಿ ಕಟ್ಟಿಕೊಂಡ ಒಕ್ಕೂಟ ಅದು. ಇದರಲ್ಲಿ ಸದಸ್ಯತ್ವ ಇರುವುದು ಸರ್ಕಾರಗಳಿಗಲ್ಲ, ಆಯಾ ದೇಶದ ವಿಜ್ಞಾನ ಅಕಾಡೆಮಿಗೋ ಮೆಕ್ಯಾನಿಕ್ಸ್ ಸಂಘಕ್ಕೋ. ಕಟ್ಟುವ ವಂತಿಗೆಯ ದರ್ಜೆ ಎಷ್ಟೋ ಅದಕ್ಕೆ ತಕ್ಕಷ್ಟು ಪ್ರತಿನಿಧಿಗಳು. ಎರಡು ವರ್ಷಕ್ಕೊಮ್ಮೆ ಇವರೆಲ್ಲ ಕೂಡುವುದು ಜನರಲ್ ಅಸೆಂಬ್ಲಿ. ನಡುವಿನ ದಿನಗಳಲ್ಲಿ ಮನೆ ನಡೆಸುವುದಕ್ಕೆ ಎಂಟು ಜನರ ಬ್ಯೂರೊ. ನಾಲ್ಕು ವರ್ಷಕ್ಕೊಮ್ಮೆ ಊರಿಂದೂರಿಗೆ ಸಾಗುವ ಮಹಾಜಾತ್ರೆಗೆ ಕಾಂಗ್ರೆಸ್ ಎಂದು ಹೆಸರು. ಅದು ಯಾವ ಊರಿನಲ್ಲಿ ಆಗಬೇಕೆಂದು ತೀರ್ಮಾನಿಸುವುದಕ್ಕೆ ಇನ್ನೊಂದು ಸಮಿತಿ. ನನ್ನಂಥವನಿಗೆ ಬೇಕಾದದ್ದೆಲ್ಲ ಇದೆ.

ಕಾರ್ಯಸೂಚಿಯನ್ನು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರ ಮುಂದಿಟ್ಟರೆ ಅವರಿಗೂ ಪರಕೀಯ ಅನ್ನಿಸಲಾರದು. ಹಿಂದಿನ ಸಭೆಯ ನಡಾವಳಿಗೆ ಅಂಗೀಕಾರ, ಕಾರ್ಯದರ್ಶಿಯ ವರದಿ, ಖಜಾಂಚಿಯ ಜಮಾ-ಖರ್ಚು, ವಂತಿಗೆ ಬಾಕಿ ಉಳಿಸಿಕೊಂಡವರ ಸಮಾಚಾರ, ಅಗಲಿದವರ ನೆನಪು, ಹೊಸಬರ ಚುನಾವಣೆ. ಆದರೆ ಕುರ್ಚಿಗಳ ಮೇಲೆ ಕೂತವರು ಯಾರು ನೋಡಿ. 1968ರಿಂದ ನಾಲ್ಕು ವರ್ಷ ಅಧ್ಯಕ್ಷರಾಗಿದ್ದವರು ಹಾಲೆಂಡಿನ ವಾರ್ನರ್ ಕೊಯ್ಟರ್. ತೆಳು ಚಿಪ್ಪಿನಂಥ ರಚನೆಯೊಂದು ಲೆಕ್ಕದಲ್ಲಿ ಹೊರಬೇಕಾದ ಭಾರದ ಸ್ವಲ್ಪ ಭಾಗಕ್ಕೇ ಯಾಕೆ ಕುಸಿದುಬೀಳುತ್ತದೆ, ಕಣ್ಣಿಗೆ ಕಾಣದ ಒಂದು ಸಣ್ಣ ಕುಂದು ಹೇಗೆ ಇಡೀ ಕಟ್ಟಡವನ್ನು ಕೆಡವುತ್ತದೆ ಎಂದು ತೋರಿಸಿಕೊಟ್ಟವರು. ಆ ಪ್ರಬಂಧ ಅವರು 1945ರಲ್ಲಿ ಡಚ್ ಭಾಷೆಯಲ್ಲಿ ಬರೆದದ್ದು. ಹಾಗಾಗಿ ಹೊರಗಿನ ಜಗತ್ತು ಅದನ್ನು ಸರಿಯಾಗಿ ಓದಿಕೊಳ್ಳುವ ಹೊತ್ತಿಗೆ ಹದಿನೈದು ವರ್ಷಕ್ಕೂ ಮೇಲಾಯಿತು. ತಾಯ್ನುಡಿಯಲ್ಲಿ ವಿಜ್ಞಾನ ಬರೆದವರ ಪಾಡು ನಮಗೇನು ಹೊಸದೇ! ಅಂಥ ಮನುಷ್ಯ ಅಧ್ಯಕ್ಷಪೀಠದಲ್ಲಿ ಕೂತು ‘ಖಜಾಂಚಿಯವರ ವರದಿಗೆ ಯಾರದಾದರೂ ಆಕ್ಷೇಪ ಇದೆಯೇ’ ಎಂದು ಕೇಳಿರಬೇಕು. ಸಭೆಯೂ ಒಂದು ತೆಳು ಚಿಪ್ಪೇ ಎಂಬುದು ಬಹುಶಃ ಅವರಿಗೆ ಗೊತ್ತಿದ್ದಷ್ಟು ಬೇರೆ ಯಾವ ಅಧ್ಯಕ್ಷರಿಗೂ ಗೊತ್ತಿರಲಾರದು. ಎಲ್ಲಿಯೋ ಒಂದು ಮೂಲೆಯಲ್ಲಿ ಒಬ್ಬರು ‘ನನ್ನದೊಂದು ಸಣ್ಣ ಸ್ಪಷ್ಟೀಕರಣ’ ಎಂದು ಎದ್ದರೆ ಮುಗಿಯಿತು.

ಒಕ್ಕೂಟದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಅಲ್ಲಿ ಉಪಾಧ್ಯಕ್ಷ ಎಂದರೆ ಮುಂದೆ ಅಧ್ಯಕ್ಷನಾಗಲು ಕಾದು ಕೂತವನಲ್ಲ. ನಿನ್ನೆಯವರೆಗೆ ಅಧ್ಯಕ್ಷನಾಗಿದ್ದು ಇಳಿದವನೇ ಮುಂದಿನ ನಾಲ್ಕು ವರ್ಷ ಉಪಾಧ್ಯಕ್ಷ. ನಮ್ಮ ಕಡೆ ಯಾವುದಾದರೂ ಸಹಕಾರ ಸಂಘದಲ್ಲಿ ಇದನ್ನು ಜಾರಿಗೆ ತಂದು ನೋಡಿ, ಎರಡನೇ ಸಭೆಗೆ ಪೊಲೀಸರು ಬರಬೇಕಾದೀತು. ಇಳಿದವರು ಪಕ್ಕದ ಕುರ್ಚಿಯಲ್ಲೇ ಕೂತು, ಹೊಸಬರು ತಮ್ಮ ಕಾಲದ ವ್ಯವಸ್ಥೆಗಳನ್ನೆಲ್ಲ ಒಂದೊಂದಾಗಿ ತಿದ್ದುವುದನ್ನು ಸಭ್ಯತೆಯಿಂದ ನೋಡಬೇಕು. ಅದಕ್ಕೆ ಗಣಿತ ಬಂದರೆ ಸಾಲದು.

ಓದುತ್ತಾ ಹೋದಂತೆ ನನಗೆ ಉಡುಪಿಯ ಪರ್ಯಾಯ ನೆನಪಾಗುತ್ತಿತ್ತು. ಅಲ್ಲಿಯೂ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದಲ್ಲೇ. ಅಲ್ಲಿಯೂ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಎಂದು ವರ್ಷ ಮೊದಲೇ ಸಿದ್ಧತೆ. ಕೊನೆಗೊಂದು ಬೆಳಗಿನ ಜಾವ ಅಕ್ಷಯ ಪಾತ್ರೆ, ಸಟ್ಟುಗ ಒಂದು ಕೈಯಿಂದ ಇನ್ನೊಂದು ಕೈಗೆ. ಮಠಗಳು ಎಂಟು, ಬ್ಯೂರೊದಲ್ಲಿ ಕೂರುವವರೂ ಎಂಟು! ಒಂದೇ ವ್ಯತ್ಯಾಸ ಎಂದರೆ ಪರ್ಯಾಯಕ್ಕೆ ಇಡೀ ಊರೇ ರಾತ್ರಿಯೆಲ್ಲ ಎದ್ದಿರುತ್ತದೆ. ಐಯುಟ್ಯಾಮ್ ಚುನಾವಣೆಯ ದಿನ, ಅದೇ ಊರಿನಲ್ಲಿ ಕಾಂಗ್ರೆಸ್ಸಿಗೆ ಬಂದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಊರು ನೋಡುವುದಕ್ಕೆ ಹೋಗಿರುತ್ತಾರೆ.

ಒಳಗೆ ಪಂಗಡಗಳೇ ಇಲ್ಲವೆ? ಇಲ್ಲದೆ ಏನು. ಗಟ್ಟಿಯವರು, ದ್ರವದವರು ಎಂದು ಎರಡು. ಉಕ್ಕು, ಕಾಂಕ್ರೀಟು, ಬಿರುಕು, ಬಾಗು ಎನ್ನುವವರು ಒಂದು ಕಡೆ. ಗಾಳಿ, ನೀರು, ಸುಳಿ, ಅಲೆ ಎನ್ನುವವರು ಇನ್ನೊಂದು ಕಡೆ. ಸಿಂಪೋಸಿಯಂಗಳನ್ನು ಆರಿಸುವುದಕ್ಕೂ ಇಬ್ಬರಿಗೆ ಬೇರೆ ಬೇರೆ ಪರಿಶೀಲನಾ ಮಂಡಳಿ. ಪ್ರಶಸ್ತಿಯೂ ಎರಡು: ಗಟ್ಟಿಯವರಿಗೆ ರಾಡ್ನಿ ಹಿಲ್ ಹೆಸರಿನದು, ದ್ರವದವರಿಗೆ ಜಾರ್ಜ್ ಬ್ಯಾಚಲರ್ ಹೆಸರಿನದು. ಅಧ್ಯಕ್ಷರ ಪಟ್ಟಿ ನೋಡಿ. 2000ದಲ್ಲಿ ಕೀತ್ ಮೊಫಟ್, ದ್ರವ. 2004ರಲ್ಲಿ ಬೆನ್ ಫ್ರಾಯಿಂಡ್, ಗಟ್ಟಿ. 2008ರಲ್ಲಿ ಟಿಮ್ ಪೆಡ್ಲಿ, ದ್ರವ. 2012ರಲ್ಲಿ ವಿಗೊ ಟ್ವೆರ್ಗಾರ್ಡ್, ಗಟ್ಟಿ. ಲೋಲಕದ ಹಾಗೆ ಆ ಕಡೆ, ಈ ಕಡೆ. ಇದು ನಿಯಮವೋ ಕಾಕತಾಳೀಯವೋ ಎಂದು ಕೇಳುವುದು ಸಭ್ಯತೆಯಲ್ಲ. ನಡಾವಳಿ ಬರೆದು ಪಳಗಿದವನು ನಾನು, ಅಂಥದನ್ನೆಲ್ಲ ಕೇಳುವುದಿಲ್ಲ.

ಈ ಮೊಫಟ್ ಇದ್ದಾರಲ್ಲ, ಅವರ ಮೇಲೆ ನನಗೆ ವಿಶೇಷ ಪ್ರೀತಿ. ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, 2002ರಲ್ಲಿ, ಜಪಾನಿನ ಯುಟಾಕ ಶಿಮೊಮುರ ಅವರ ಜೊತೆ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿಷಯ: ಬೇಯಿಸಿದ ಮೊಟ್ಟೆ. ಅದನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಜೋರಾಗಿ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಅದು ಎದ್ದು ನೆಟ್ಟಗೆ ನಿಂತು ತಿರುಗುತ್ತದೆ. ಯಾಕೆ ಏಳಬೇಕು? ಬಿದ್ದ ವಸ್ತು ಬಿದ್ದೇ ಇರುವುದು ಲೋಕಧರ್ಮವಲ್ಲವೆ? ಮೇಜಿಗೂ ಮೊಟ್ಟೆಗೂ ನಡುವಿನ ತಿಕ್ಕಾಟವೇ ಅದನ್ನು ಎಬ್ಬಿಸಿ ನಿಲ್ಲಿಸುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ತಿರುಗಾಟದ ಶಕ್ತಿಯಲ್ಲಿ ಒಂದು ಪಾಲು ಮೊಟ್ಟೆಯನ್ನು ಮೇಲಕ್ಕೆತ್ತುವುದಕ್ಕೆ ಖರ್ಚಾಗುತ್ತದೆ. ಮೇಜು ತೀರ ನುಣುಪಾಗಿದ್ದರೂ ಕೆಲಸ ಕೆಡುತ್ತದೆ, ತೀರ ಒರಟಾಗಿದ್ದರೂ ಕೆಡುತ್ತದೆ.

ನಮ್ಮ ಮನೆಯಲ್ಲಿ ಮೊಟ್ಟೆಗೆ ಪ್ರವೇಶ ಇಲ್ಲದ್ದರಿಂದ ಪ್ರಯೋಗವನ್ನು ಕಾಲೇಜಿನ ಲ್ಯಾಬಿನಲ್ಲಿ ಮಾಡಿದೆ. ಅಟೆಂಡರ್ ಕ್ಯಾಂಟೀನಿನಿಂದ ತಂದ ಬೇಯಿಸಿದ ಮೊಟ್ಟೆ, ಟೆಸ್ಟಿಂಗ್ ಮೆಷೀನಿನ ಪಕ್ಕದ ಕಡಪ ಕಲ್ಲಿನ ಕಟ್ಟೆ. ಎರಡು ಕೈಯ ಬೆರಳುಗಳಲ್ಲಿ ಹಿಡಿದು ಗಿರಕ್ಕನೆ ತಿರುಗಿಸಿದೆ. ಮೊದಲು ಅಡ್ಡಡ್ಡ ಮಬ್ಬಾಗಿ ತಿರುಗಿತು, ಆಮೇಲೆ ಒಂದು ತುದಿ ಸಣ್ಣಗೆ ನಡುಗಿತು, ನೋಡನೋಡುತ್ತ ಹೆಡೆ ಎತ್ತಿದಂತೆ ಎದ್ದು ನಿಂತುಬಿಟ್ಟಿತು! ಕಲ್ಲಿನ ಮೇಲೆ ತೆಳ್ಳಗೆ ಕಟಕಟ ಸದ್ದು. ಅಟೆಂಡರ್ ಕೈಮುಗಿದ. ಆಮೇಲೆ ಹಸಿ ಮೊಟ್ಟೆ. ಎಷ್ಟು ತಿರುಗಿಸಿದರೂ ಆಲಸಿಯ ಹಾಗೆ ಎರಡು ಸುತ್ತು ಹೊರಳಿ ಸುಮ್ಮನಾಯಿತು. ಒಳಗಿನ ದ್ರವ ಸಿಪ್ಪೆಯ ಜೊತೆಗೆ ತಿರುಗಲೊಲ್ಲದು, ಶಕ್ತಿಯೆಲ್ಲ ಒಳಗಿನ ಕದಡಾಟದಲ್ಲೇ ಕರಗಿಹೋಗುತ್ತದೆ. ‘ಹಂಗಾರೆ ಗಟ್ಟಿ ಇದ್ದೋರು ಮಾತ್ರ ಎದ್ದು ನಿಂತಾರೆ ಅನ್ನಿ ಸಾರ್’ ಎಂದ ಅಟೆಂಡರ್. ಇದನ್ನು ಕಂಡುಹಿಡಿದವರು ದ್ರವದ ಪಂಗಡದವರು ಎಂದು ಅವನಿಗೆ ಹೇಳಲಿಲ್ಲ.

ಅಧ್ಯಕ್ಷರ ವಿಷಯ ಬಂದಾಗ ಸರ್ ಜೇಮ್ಸ್ ಲೈಟ್‌ಹಿಲ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1984ರಿಂದ 1988ರವರೆಗೆ ಅವರದು ಕಾರುಬಾರು. 1986ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಬರೆದ ಒಂದು ಲೇಖನದಲ್ಲಿ ಬೇರೆ ಯಾವ ಸಂಘದ ಅಧ್ಯಕ್ಷರೂ ಮಾಡದ ಕೆಲಸ ಮಾಡಿದರು. ಜಗತ್ತಿನ ಮೆಕ್ಯಾನಿಕ್ಸ್ ಬಳಗದ ಪರವಾಗಿ ಸಾರ್ವಜನಿಕರ ಕ್ಷಮೆ ಕೇಳಿದರು. ನ್ಯೂಟನ್ನನ ನಿಯಮ ಗೊತ್ತಿದ್ದರೆ ಮುಂದಾಗುವುದನ್ನೆಲ್ಲ ಹೇಳಿಬಿಡಬಹುದು ಎಂದು ನಮ್ಮ ಹಿರಿಯರು ಉತ್ಸಾಹದಲ್ಲಿ ಸಾರಿದ್ದರು. 1960ರ ನಂತರ ನೋಡಿದರೆ ಅದು ನಿಜವಲ್ಲ. ಆರಂಭದ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೆಲವು ವ್ಯವಸ್ಥೆಗಳು ದಿಕ್ಕಾಪಾಲಾಗಿ ಹೋಗುತ್ತವೆ. ವಿದ್ಯಾವಂತ ಸಾರ್ವಜನಿಕರನ್ನು ದಾರಿತಪ್ಪಿಸಿದ್ದಕ್ಕೆ ಮನ್ನಿಸಿ. ಇದು ಅದರ ತಾತ್ಪರ್ಯ.

ಮುನ್ನೂರು ವರ್ಷದ ಆತ್ಮವಿಶ್ವಾಸಕ್ಕೆ ಒಂದು ಪ್ಯಾರಾದಲ್ಲಿ ಕ್ಷಮಾಪಣೆ! ನನಗೆ ಕುತೂಹಲ ಇದ್ದದ್ದು ಬೇರೆ. ಬಳಗದ ಪರವಾಗಿ ಎಂದಮೇಲೆ ಬಳಗ ಠರಾವು ಮಾಡಿತ್ತೆ? ಸೂಚಕರು ಯಾರು, ಅನುಮೋದಕರು ಯಾರು? ಇಂಥದು ನಮ್ಮ ವಿಭಾಗದಲ್ಲಿ ನಡೆದಿದ್ದರೆ ‘ಅಧ್ಯಕ್ಷರು ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳದೆ’ ಎಂದು ಶುರುವಾಗುವ ಒಂದು ಪತ್ರ ಮರುದಿನವೇ ಬರುತ್ತಿತ್ತು. ಲೈಟ್‌ಹಿಲ್ ಅಂಥದಕ್ಕೆಲ್ಲ ಹೆದರುವ ಪೈಕಿಯಲ್ಲ. ಇಂಗ್ಲಿಷ್ ಕಾಲುವೆಯ ಸಾರ್ಕ್ ದ್ವೀಪದ ಸುತ್ತ ಈಜುವುದು ಅವರ ಹವ್ಯಾಸ. ಅಲ್ಲಿನ ಸೆಳವುಗಳು ಪ್ರಬಲ. ನೀರಿನ ಅಲೆಗಳ ಮೇಲೆ ಗ್ರಂಥ ಬರೆದವರು, ಅಲೆಗಳ ಲೆಕ್ಕ ಬಲ್ಲವರು. 1998ರಲ್ಲಿ, 74ನೇ ವಯಸ್ಸಿನಲ್ಲಿ, ಅದೇ ದ್ವೀಪದ ಸುತ್ತ ಈಜುತ್ತಿರುವಾಗಲೇ ತೀರಿಕೊಂಡರು.

ಇಷ್ಟು ನಗಾಡಿಕೊಂಡು ಓದುತ್ತಿದ್ದವನಿಗೆ, ಈ ಸಭೆಗಳೆಲ್ಲ ಶುರುವಾದದ್ದು ಹೇಗೆಂದು ತಿಳಿದ ಮೇಲೆ ನಗು ಸ್ವಲ್ಪ ಬೇರೆಯಾಯಿತು.

ಮೊದಲ ಮಹಾಯುದ್ಧ ಮುಗಿದಿತ್ತು. ಗೆದ್ದ ದೇಶಗಳ ವಿಜ್ಞಾನಿಗಳು 1919ರಲ್ಲಿ ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿ ಎಂದು ಒಂದನ್ನು ಕಟ್ಟಿಕೊಂಡು, ಸೋತ ದೇಶಗಳವರಿಗೆ ಬಾಗಿಲು ಹಾಕಿದ್ದರು. ಜರ್ಮನಿಯವರು, ಆಸ್ಟ್ರಿಯದವರು, ಹಂಗೇರಿಯವರು ಹೊರಗೆ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬುದರಲ್ಲಿ ಆಗ ಎಲ್ಲರಿಗಿಂತ ಮುಂದಿದ್ದವರು ಗಟಿಂಗೆನ್ನಿನ ಪ್ರಾಂಟಲ್ ಮತ್ತು ಅವರ ಶಿಷ್ಯರು. ಆದರೆ ಅವರ ಜೊತೆ ಮಾತಾಡುವ ಹಾಗಿಲ್ಲ. ಗಾಳಿಗೇನೋ ಗಡಿ ಇಲ್ಲ, ಗಾಳಿಯನ್ನು ಓದುವವರಿಗೆ ಇತ್ತು.

ಆಗ ಇಬ್ಬರು ಸೇರಿ ಒಂದು ಉಪಾಯ ಮಾಡಿದರು. ಒಬ್ಬರು ಆಹೆನ್ನಿನಲ್ಲಿದ್ದ ಹಂಗೇರಿಯ ಯಹೂದಿ ಥಿಯೊಡೋರ್ ಫಾನ್ ಕಾರ್ಮಾನ್. ಸಂತೋಷಕೂಟ, ತಮಾಷೆ, ಹರಟೆ ಎಂದರೆ ಪ್ರಾಣ. ಸೇತುವೆಯ ಕಂಬದ ಹಿಂದೆ ನೀರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಸಾಲುಗಟ್ಟುವ ಸುಳಿಗಳಿಗೆ ಇಂದಿಗೂ ಅವರದೇ ಹೆಸರು. ಇನ್ನೊಬ್ಬರು ರೋಮ್‌ನ ಟೂಲಿಯೊ ಲೇವಿ-ಚಿವಿತ. ಐನ್‌ಸ್ಟೈನ್ ಸಾಪೇಕ್ಷತೆಗೆ ಬಳಸಿಕೊಂಡ ಗಣಿತವನ್ನು ಬೆಳೆಸಿದವರಲ್ಲಿ ಪ್ರಮುಖರು. ಇಟಲಿಯಲ್ಲಿ ನನಗೆ ಇಷ್ಟವಾದದ್ದು ಸ್ಪಗೆಟಿ ಮತ್ತು ಲೇವಿ-ಚಿವಿತ ಎಂದು ಐನ್‌ಸ್ಟೈನ್ ಅಂದಿದ್ದರೆಂದು ಹೇಳುವುದುಂಟು. ಒಬ್ಬರು ಸೋತ ಕಡೆಯವರು, ಒಬ್ಬರು ಗೆದ್ದ ಕಡೆಯವರು. ಯಾವ ಮಂಡಳಿಯನ್ನೂ ಕೇಳದೆ, ಯಾವ ಸರ್ಕಾರದ ಅಪ್ಪಣೆಗೂ ಕಾಯದೆ, ಪರಿಚಯದವರಿಗೆಲ್ಲ ಖಾಸಗಿಯಾಗಿ ಕಾಗದ ಬರೆದು 1922ರಲ್ಲಿ ಇನ್ಸ್‌ಬ್ರುಕ್ಕಿಗೆ ಬನ್ನಿ ಎಂದು ಕರೆದರು. ಊರಿನ ಆಯ್ಕೆ ನೋಡಿ. ಆಸ್ಟ್ರಿಯದ ಊರು, ಇಟಲಿಗೆ ಕೂಗಳತೆ. ನಾಲ್ಕು ವರ್ಷದ ಹಿಂದೆ ಆ ಎರಡೂ ದೇಶದ ಹುಡುಗರು ಅದೇ ಆಲ್ಪ್ಸ್ ಬೆಟ್ಟಗಳಲ್ಲಿ ಒಬ್ಬರನ್ನೊಬ್ಬರು ಕೊಂದಿದ್ದರು.

ಫ್ರೆಂಚರು ಬರಲಿಲ್ಲ, ಬ್ರಿಟಿಷರು ಬರಲಿಲ್ಲ. ಪ್ರಾಂಟಲ್ ಬಂದರು. ಸ್ವೀಡನ್ನಿನ ಓಸೆನ್ ಬಂದರು. ಹಾಲೆಂಡಿನ ಯುವಕ ಬರ್ಗರ್ಸ್ ಬಂದರು. ಇನ್ನೂ ಇಪ್ಪತ್ತರ ಹುಡುಗ, ವರ್ನರ್ ಹೈಸೆನ್‌ಬರ್ಗ್ ಎಂಬಾತ, ನೀರಿನ ಕ್ಷೋಭೆಯ ಬಗ್ಗೆ ಒಂದು ಪ್ರಬಂಧ ಓದಿದ. ಮುಂದೆ ಅವನು ಅಣುವಿನ ಕಡೆ ಹೊರಟುಹೋದದ್ದು ಎಲ್ಲರಿಗೂ ಗೊತ್ತು. ನಲ್ಲಿಯ ನೀರಿಗಿಂತ ಅಣು ಸುಲಭ ಅನ್ನಿಸಿರಬೇಕು ಎಂದು ನಮ್ಮ ದ್ರವದವರು ಈಗಲೂ ಹೆಮ್ಮೆ ಪಡುತ್ತಾರೆ.

ಇನ್ಸ್‌ಬ್ರುಕ್ಕಿನಿಂದ ಊರಿಗೆ ಹೋದ ಬರ್ಗರ್ಸ್ ಸುಮ್ಮನಿರಲಿಲ್ಲ. ತಮ್ಮ ಸಹೋದ್ಯೋಗಿ ಬೀಝೆನೊ ಜೊತೆ ಸೇರಿ 1924ರಲ್ಲಿ ಡೆಲ್ಫ್ಟ್‌ನಲ್ಲಿ ಮೊದಲ ಕಾಂಗ್ರೆಸ್ ನಡೆಸಿದರು. ಈ ಸಲ ದ್ರವದವರ ಜೊತೆ ಗಟ್ಟಿಯವರನ್ನೂ ಸೇರಿಸಿಕೊಂಡರು. ಹಾಲೆಂಡ್ ಯುದ್ಧದಲ್ಲಿ ಯಾರ ಕಡೆಗೂ ಸೇರಿರಲಿಲ್ಲವಾಗಿ ಬರುವವರಿಗೂ ಮುಜುಗರವಿಲ್ಲ. ಕೇಂಬ್ರಿಡ್ಜಿನ ಜಿ. ಐ. ಟೇಲರ್ ಬಂದರು. ಗಾಜಿನೊಳಗೆ ಕಾಣದ ಸಣ್ಣ ಬಿರುಕುಗಳೇ ಅದನ್ನು ಒಡೆಯುತ್ತವೆ ಎಂದು ತೋರಿಸಿದ್ದ ಗ್ರಿಫಿತ್ ಬಂದು ಅದರ ಮೇಲೆಯೇ ಮಾತಾಡಿದರು. ಎದುರಿಗೆ ಜರ್ಮನರು ಕೂತು ಟಿಪ್ಪಣಿ ಮಾಡಿಕೊಂಡಿರಬೇಕು. ನಾಲ್ಕು ವರ್ಷ ಗೋಳುಹೊಯ್ದುಕೊಂಡ ಎರಡು ದೇಶಗಳವರು, ಗಾಜು ಯಾಕೆ ಒಡೆಯುತ್ತದೆ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ವ್ಯಕ್ತಪಡಿಸಿರಬೇಕು!

ಆಮೇಲಿನದು ಕುದುರೆ ಓಟದ ಹಾಗೆ. 1926ರಲ್ಲಿ ಜೂರಿಕ್‌ನಲ್ಲಿ ಪ್ರಾಂಟಲ್ ಕ್ಷೋಭೆಯ ಬಗ್ಗೆ ತಮ್ಮ ಹೊಸ ಲೆಕ್ಕ ಹೇಳಿದರೆ, 1930ರಲ್ಲಿ ಸ್ಟಾಕ್‌ಹೋಮಿನಲ್ಲಿ ಶಿಷ್ಯ ಕಾರ್ಮಾನ್ ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಗೋಡೆಯ ಬಳಿಯ ಹರಿವಿಗೆ ಸೂತ್ರ ಕೊಟ್ಟರು. ಈ ವರ್ಷಗಳಲ್ಲೆಲ್ಲ ಒಕ್ಕೂಟ ಇಲ್ಲ, ವಂತಿಗೆ ಇಲ್ಲ, ಮತ ಇಲ್ಲ. ಒಬ್ಬರನ್ನೊಬ್ಬರು ಬಲ್ಲ ಕೆಲವು ಹಿರಿಯರ ಸಮಿತಿ, ಅಷ್ಟೆ. ನನ್ನ ಪ್ರಕಾರ ಆ ಕಾಲದ ನಡಾವಳಿ ಚೆನ್ನಾಗಿದ್ದಿರಲಾರದು. ಸ್ನೇಹಿತರೇ ಸೇರಿಕೊಂಡ ಕಡೆ ಯಾರೂ ಸರಿಯಾಗಿ ಬರೆದಿಡುವುದಿಲ್ಲ.

1938ರಲ್ಲಿ ಅಮೆರಿಕದ ಕೇಂಬ್ರಿಡ್ಜಿನಲ್ಲಿ ಸೇರಿದಾಗ, ಮುಂದಿನ ಕಾಂಗ್ರೆಸ್ 1942ರಲ್ಲಿ ಪ್ಯಾರಿಸ್‌ನಲ್ಲಿ ಎಂದು ತೀರ್ಮಾನವಾಯಿತು. 1938ರಲ್ಲೇ ಇಟಲಿಯ ಜನಾಂಗೀಯ ಕಾನೂನು ಬಂದು ಯಹೂದಿಯಾದ ಲೇವಿ-ಚಿವಿತ ಅವರನ್ನು ಪ್ರಾಧ್ಯಾಪಕ ಹುದ್ದೆಯಿಂದ ಹೊರಹಾಕಿದರು. 1941ರ ಡಿಸೆಂಬರಿನಲ್ಲಿ ಅವರು ರೋಮ್‌ನಲ್ಲಿ ತೀರಿಕೊಂಡಾಗ, ಕಾಂಗ್ರೆಸ್ ಸೇರಬೇಕಿದ್ದ ಪ್ಯಾರಿಸ್‌ನಲ್ಲಿ ಜರ್ಮನ್ ಸೈನ್ಯ ಇತ್ತು. ಕಾರ್ಮಾನ್ ಅಷ್ಟು ಹೊತ್ತಿಗೆ ಅಮೆರಿಕ ಸೇರಿಯಾಗಿತ್ತು. ಇದೇ ಬಳಗದ, ಬರ್ಲಿನ್ನಿನ ಫಾನ್ ಮೀಸೆಸ್ ಇಸ್ತಾಂಬುಲಿಗೆ ಓಡಿ, ಅಲ್ಲಿಂದ ಹಾರ್ವರ್ಡಿಗೆ. ಬಳಗದ ಇನ್ನೊಬ್ಬರು, ಪ್ರಾಗರ್ ಕೂಡ ಇಸ್ತಾಂಬುಲ್ ದಾರಿಯಲ್ಲೇ ಅಮೆರಿಕಕ್ಕೆ. 1952ರಲ್ಲಿ ಎಂಟನೇ ಕಾಂಗ್ರೆಸ್ಸು ಇಸ್ತಾಂಬುಲ್‌ನಲ್ಲಿ ಸೇರಿತು ಎಂದು ಓದಿದಾಗ, ದಿಕ್ಕೆಟ್ಟವರಿಗೆ ಮೇಷ್ಟರ ಕೆಲಸ ಕೊಟ್ಟಿದ್ದ ಊರು ಅದು ಎಂಬುದು ಯಾರಿಗಾದರೂ ಹೊಳೆದಿರಬಹುದೇ ಎಂದುಕೊಂಡೆ. ನಡಾವಳಿಯಲ್ಲಿ ಅಂಥದಕ್ಕೆ ಜಾಗ ಇರುವುದಿಲ್ಲ.

1946ರ ಸೆಪ್ಟೆಂಬರಿನಲ್ಲಿ, ನಾಲ್ಕು ವರ್ಷ ತಡವಾಗಿ, ಪ್ಯಾರಿ‌ಸ್‌ನಲ್ಲಿ ಕಾಂಗ್ರೆಸ್ ಸೇರಿಯೇ ಸೇರಿತು. ಈ ಸಲ ಸ್ನೇಹಿತರ ಸಮಿತಿ ಸಾಲದು, ನಿಯಮಾವಳಿ ಇರುವ ಒಕ್ಕೂಟ ಬೇಕು ಎಂದು ತೀರ್ಮಾನಿಸಿದರು. ಅದೇ ಬರ್ಗರ್ಸ್ ಕಾರ್ಯದರ್ಶಿಯಾದರು. ಮರುವರ್ಷ ಒಕ್ಕೂಟವು ವಿಜ್ಞಾನ ಒಕ್ಕೂಟಗಳ ಅಂತರರಾಷ್ಟ್ರೀಯ ಮಂಡಳಿಗೂ ಸೇರಿತು. ಅಲ್ಲಿಂದ ಶುರು ನೋಡಿ ವಂತಿಗೆ, ದರ್ಜೆ, ಕೋರಂ, ಲೆಕ್ಕಪರಿಶೋಧನೆ. ವಂತಿಗೆಯ ದರ್ಜೆ ಏರಿಸಬೇಕೆ ಬೇಡವೆ ಎಂದು ಅರ್ಧ ಪುಟ ಆಕಳಿಸುವುದನ್ನು ಈಗ ಓದಿದರೆ ನನಗೆ ಬೇಸರ ಬರುವುದಿಲ್ಲ. ಕಾರ್ಮಾನ್, ಲೇವಿ-ಚಿವಿತ ಕನಸು ಕಂಡಿದ್ದೇ ಈ ಆಕಳಿಕೆಯನ್ನು. ಶೀತಲಸಮರದ ನಟ್ಟನಡುವೆ 1968ರಲ್ಲಿ ಸ್ಟ್ಯಾನ್‌ಫರ್ಡ್, 1972ರಲ್ಲಿ ಮಾಸ್ಕೊ. ಸದಸ್ಯರ ಪಟ್ಟಿಯಲ್ಲಿ ಬೀಜಿಂಗ್‌ನ ಸಂಘವೂ ಇದೆ, ತೈಪೆಯ ಸಂಘವೂ ಇದೆ. ಇವರೆಲ್ಲ ಒಂದೇ ಕೋಣೆಯಲ್ಲಿ ಕೂತು ಹಿಂದಿನ ಸಭೆಯ ನಡಾವಳಿಯಲ್ಲಿ ಒಂದು ಕಾಮಾ ತಿದ್ದುತ್ತಾರೆ.

ಬೆಂಗಳೂರಿಗೂ ಈ ಮನೆತನಕ್ಕೂ ನಂಟಿದೆ. ಕಾಂಗ್ರೆಸ್ಸು ನಮ್ಮಲ್ಲಿಗೆ ಬಂದದ್ದಿಲ್ಲ. ಆದರೆ ಒಕ್ಕೂಟ ನಡೆಸುವ ಸಿಂಪೋಸಿಯಂಗಳು ಬಂದಿವೆ. ಕರೆದವರಿಗೆ ಮಾತ್ರ ಪ್ರವೇಶವಿರುವ, ಒಂದೇ ವಿಷಯದ ಮೇಲೆ ನಡೆಯುವ ಸಣ್ಣ ಗೋಷ್ಠಿಗಳು ಅವು. 1987ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದದ್ದರ ವಿಷಯ, ಕದಡಿಹೋದ ಹರಿವನ್ನು ಹತೋಟಿಗೆ ತರುವುದು, ಅದು ಮತ್ತೆ ಪದರಪದರವಾಗಿ ಶಾಂತವಾಗುವುದು. ಅದರ ಸಂಪುಟವನ್ನು ಸಂಪಾದಿಸಿದವರು ಕ್ಯಾಲ್ಟೆಕ್‌ನ ಹಾನ್ಸ್ ಲೀಪ್‌ಮನ್ ಮತ್ತು ನಮ್ಮ ರೊದ್ದಂ ನರಸಿಂಹ. ಲೀಪ್‌ಮನ್ ನರಸಿಂಹರ ಗುರು. ಅದಕ್ಕೂ ಮೊದಲು ಸತೀಶ್ ಧವನ್ ಅವರಿಗೂ ಗುರು. ಕ್ಯಾಲ್ಟೆಕ್‌ಗೆ ಹೋಗಿ ನೆಲೆಸಿದ್ದ ಕಾರ್ಮಾನ್ ಕಟ್ಟಿದ ಮನೆಯಲ್ಲೇ ಲೀಪ್‌ಮನ್ ಬೆಳೆದದ್ದು. ಹೀಗೆ ಇನ್ಸ್‌ಬ್ರುಕ್ಕಿನ ಬಳ್ಳಿ ಯಶವಂತಪುರದ ಪಕ್ಕದವರೆಗೆ ಹಬ್ಬಿತು.

ನರಸಿಂಹರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟರು. ಕನ್ನಡದಲ್ಲಿ ವಿಜ್ಞಾನ ಬರೆಯುವುದೇ ಒಂದು ಸಾಹಸ ಎನ್ನಿಸಿದ್ದ ದಿನಗಳಲ್ಲಿ ಬರೆದವರು. ಮಗ ಕದಡಿದ ಹರಿವು ತಾನೇ ತಿಳಿಯಾಗುವುದು ಹೇಗೆಂದು ಜೀವಮಾನವೆಲ್ಲ ಕೇಳಿದರು. ಆ ಗೋಷ್ಠಿ ನಡೆದಾಗ ನಾನು ಮಲ್ಲೇಶ್ವರದಲ್ಲೇ ಇದ್ದೆ. ಸಂಜೆ ಹೊತ್ತು ವಾಕಿಂಗ್ ಹೋಗುತ್ತಿದ್ದದ್ದೂ ಆ ಕಡೆಗೇ. ಬಹುಶಃ ಅದೇ ವಾರ ನಮ್ಮ ವಿಭಾಗದಲ್ಲಿ ಸ್ಟೇಷನರಿ ಖರೀದಿಯ ಬಗ್ಗೆ ಕೂಲಂಕಷವಾಗಿ ಚರ್ಚಿಸಲಾಗಿರಬೇಕು. ಅಂಥದೊಂದು ಗೋಷ್ಠಿ ಪಕ್ಕದಲ್ಲೇ ನಡೆದು ಮುಗಿದದ್ದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಲೈಬ್ರರಿಯಲ್ಲಿ ಸಂಪುಟ ಕೈಗೆ ಸಿಕ್ಕಾಗ. ಶಾಂತವಾಗಿದ್ದ ಹರಿವು ಯಾವ ಕ್ಷಣದಲ್ಲಿ ಕದಡುತ್ತದೆ ಎಂಬ ವಿಷಯದ ಮೇಲೆ 2004ರಲ್ಲಿ ಇನ್ನೊಂದು ಬಂತು, 2008ರಲ್ಲಿ ಗಟ್ಟಿಯವರದೊಂದು. ಅಷ್ಟರಲ್ಲಿ ನನಗೆ ಇಂಥವು ನಡೆಯುತ್ತವೆ ಎಂದು ತಿಳಿದಿತ್ತು. ಮಂಡಿ ನೋವಿಗೆ ಮಾತ್ರ ತಿಳಿದಿರಲಿಲ್ಲ.

ಯಾವ ಸಭೆಯದ್ದೇ ಆಗಲಿ, ನಡಾವಳಿಯಲ್ಲಿ ನಾನು ಮೊದಲು ತೆರೆಯುವುದು ಕೊನೆಯ ಪುಟ: ಮುಂದಿನ ಸಭೆಯ ಸ್ಥಳ ಮತ್ತು ಕಾಲ. ಊರು ಊರುಗಳವರು ಪೈಪೋಟಿಯಿಂದ ಆಹ್ವಾನ ಕೊಡುತ್ತಾರೆ. ಸಮಿತಿ ಸಭಾಂಗಣ ಎಷ್ಟು ದೊಡ್ಡದು, ಎಷ್ಟು ಕೋಣೆಗಳು, ಖರ್ಚು ಎಷ್ಟು ಎಂದೆಲ್ಲ ನೋಡಿ, ನಾಲ್ಕು ವರ್ಷ ಮೊದಲೇ ಮತ ಹಾಕುತ್ತದೆ. ಭವಿಷ್ಯ ಹೇಳಲಾಗದು ಎಂದು ಜಗತ್ತಿನ ಕ್ಷಮೆ ಕೇಳಿದವರೇ ನಾಲ್ಕು ವರ್ಷದ ಆಚೆಯ ಆಗಸ್ಟಿಗೆ ಹಾಲ್ ಬುಕ್ ಮಾಡುತ್ತಾರೆ. 2020ಕ್ಕೆ ಮಿಲಾನ್ ಎಂದು ಗೊತ್ತುಮಾಡಿದ್ದರು. ಕೊರೊನಾ ಬಂತು. ಒಂದು ವರ್ಷ ಮುಂದಕ್ಕೆ ಹಾಕಿದರು, ಅದೂ ಕಡೆಗೆ ಅವರವರ ಮನೆಯ ಕಂಪ್ಯೂಟರಿನ ಮುಂದೆಯೇ ನಡೆಯಿತು. ಆದರೂ ಹೆಸರು ಬಿಟ್ಟುಕೊಡಲಿಲ್ಲ. ಅದನ್ನು ಕರೆದದ್ದು ‘2020+1’ ಎಂದು. ಲೆಕ್ಕದವರಲ್ಲವೆ, ಕೂಡಿಸಿ ತೋರಿಸಿದರು.

ಮುಂದಿನದು 2024ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ದೇಗು ನಗರದಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರಬಂಧ ಓದಲು ಹೋಗಿದ್ದ. ಬಂದವನು ಮನೆಗೆ ಬಂದ, ಕಾಲಿಗೆ ನಮಸ್ಕಾರ ಮಾಡಿದ, ಕೊರಿಯಾದ ಚಹಾ ಪೊಟ್ಟಣ ಕೊಟ್ಟ. ನನ್ನಾಕೆ ಉಪ್ಪಿಟ್ಟು ತರುವವರೆಗೂ ನಾನು ತಡೆದುಕೊಂಡೆ.

‘ಜನರಲ್ ಅಸೆಂಬ್ಲಿಯಲ್ಲಿ ಏನಾಯಿತಪ್ಪ? ಬ್ಯೂರೊಗೆ ಹೊಸಬರು ಯಾರು ಬಂದರು? ವಂತಿಗೆ ಏರಿಸಿದರೇನು?’

ಅವನು ಚಮಚ ಕೆಳಗಿಟ್ಟು ಯೋಚಿಸಿದ.

‘ಅದು ಯಾವತ್ತಿತ್ತು ಸಾರ್?’ ಎಂದ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ‘ಸೆಷನ್‌ಗಳು ಚೆನ್ನಾಗಿದ್ದವು ಸಾರ್. ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು ಮಾತ್ರ ಮೂರನೇ ದಿನಕ್ಕೇ ಮುಗಿದುಹೋಯಿತು’ ಎಂದ.